ಕರೆಂಟ್ ಬಿಲ್ಲು, ಅಮ್ಮನ ಸ್ವೆಟರ್ರು

ಫೆಬ್ರವರಿ ಮೊದಲ ವಾರ ಕರೆಂಟ್ ಬಿಲ್ ಬಂತು. 391 ಡಾಲರ್. ನಾವು ಅಮೆರಿಕದ ಸಿಯಾಟಲ್ ಹತ್ತಿರದ ಒಂದು ಊರಲ್ಲಿ ಬಾಡಿಗೆಗಿದ್ದೇವೆ. ಇಲ್ಲಿ ನಮಗೆ ಎರಡು ತಿಂಗಳಿಗೊಂದು ಬಿಲ್ಲು. ಹಿಂದಿನ ವರ್ಷ ಇದೇ ಡಿಸೆಂಬರ್–ಜನವರಿಗೆ 244 ಬಂದಿತ್ತು. ಮನೆ ಅದೇ, ದರ ಹೆಚ್ಚುಕಮ್ಮಿ ಅದೇ, ಇರೋ ಸಾಮಾನೂ ಅವೇ. ಬದಲಾಗಿದ್ದು ಒಂದೇ. ನವೆಂಬರಿನಲ್ಲಿ ಊರಿಂದ ಅಮ್ಮ ಬಂದಿದ್ದಳು.

ಫೋನಿನಲ್ಲಿ ಆ ನಂಬರ್ ನೋಡಿದವನು ತಲೆ ಎತ್ತಿ ಎದುರಿಗೆ ಕೂತಿದ್ದ ಅಮ್ಮನ ಮುಖ ನೋಡಿದೆ. ನಡುವೆ ಎರಡು ಸೆಕೆಂಡೂ ಆಗಿರಲಿಕ್ಕಿಲ್ಲ. ಆಮೇಲೆ ಎಷ್ಟೋ ಸಲ ಯೋಚನೆ ಮಾಡಿದ್ದು ಬಿಲ್ಲಿನ ಬಗ್ಗೆ ಅಲ್ಲ, ಆ ಎರಡು ಸೆಕೆಂಡಿನ ಬಗ್ಗೆ.

"ಅಮ್ಮ, ರೂಮಿನ ಹೀಟರ್ ರಾತ್ರಿಯೆಲ್ಲ ಹಾಕ್ಕೊಂಡೇ ಮಲಗ್ತೀಯಾ?"

"ಹೌದು. ನೀನೇ ಅಲ್ವಾ ಮಾರಾಯ ತಿರುಗಿಸಿಟ್ಟು ಹೋಗಿದ್ದು?"

"ಅಷ್ಟೊಂದು ಬೇಡ. ಸ್ವಲ್ಪ ಕಡಿಮೆ ಮಾಡ್ಕೋ. ಬಿಲ್ ಜಾಸ್ತಿ ಬಂದಿದೆ."

ಅಷ್ಟೇ ಹೇಳಿದ್ದು. ದನಿ ಏರಿಸಲಿಲ್ಲ, ಬೈಯಲಿಲ್ಲ. ಅಮ್ಮನೂ "ಆಯ್ತು" ಅಂದು ಸುಮ್ಮನಾದಳು. ನಾನು ಕೆಲಸಕ್ಕೆ ಕೂತೆ, ಮರೆತೂ ಹೋಯ್ತು.

ಮೂರು ದಿನ ಬಿಟ್ಟು ಬೆಳಿಗ್ಗೆ ಬೇಗ ಎದ್ದು ಅಡುಗೆಮನೆಗೆ ಹೋದರೆ ಅಮ್ಮ ಸ್ಟವ್ ಪಕ್ಕ ನಿಂತಿದ್ದಳು. ಒಂದರ ಮೇಲೊಂದು ಎರಡು ಸ್ವೆಟರ್, ಮೇಲೆ ಶಾಲು, ಕಾಲಿಗೆ ನನ್ನ ಹಳೇ ಸಾಕ್ಸ್. ಕಾಫಿ ಲೋಟ ಕೊಡುವಾಗ ಬೆರಳು ತಾಗಿತು, ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗಿತ್ತು. ರೂಮಿಗೆ ಹೋಗಿ ನೋಡಿದೆ. ಹೀಟರಿನ ನಾಬ್ ಸೊನ್ನೆಯಲ್ಲಿ. ನಾನು ಹೇಳಿದ ರಾತ್ರಿಯಿಂದಲೇ ಹಾಗಿತ್ತಂತೆ.

"ಚಳಿ ಏನಿಲ್ಲ. ಊರಲ್ಲಿ ಡಿಸೆಂಬರಲ್ಲಿ ಇದಕ್ಕಿಂತ ಇರುತ್ತೆ" ಅಂದಳು. ಸುಳ್ಳು. ಸಾಗರದ ಕಡೆ ಎಂಥಾ ಚಳಿಗಾಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು.

ನನ್ನ ಹೆಂಡತಿ ಎಲ್ಲ ನೋಡಿ ಒಂದೇ ಮಾತು ಹೇಳಿದಳು. "ಆಫೀಸಲ್ಲಿ ಸರ್ವರ್ ಬಿದ್ದರೆ ಯಾರು ಬೀಳಿಸಿದ್ದು ಅಂತ ಕೇಳಬಾರದು, ಏನಾಯ್ತು ಅಂತ ಕೇಳಬೇಕು ಅಂತ ಜೂನಿಯರ್‌ಗಳಿಗೆ ಪಾಠ ಮಾಡ್ತೀಯಲ್ಲ. ಮನೆಗೆ ಬಂದರೆ ಆ ಪಾಠ ಅನ್ವಯ ಆಗಲ್ವಾ?"

ಸಾಫ್ಟ್‌ವೇರ್‌ನಲ್ಲಿರೋರಿಗೆ ಈ ಮಾತಿನ ಪೆಟ್ಟು ಗೊತ್ತಾಗುತ್ತೆ. ದೊಡ್ಡ ಎಡವಟ್ಟಾದ ಮೇಲೆ ನಾವು ಪೋಸ್ಟ್‌ಮಾರ್ಟಮ್ ಅಂತ ಬರೀತೀವಿ. ಅದರಲ್ಲಿ ಯಾರ ಹೆಸರೂ ಹಾಕೋ ಹಾಗಿಲ್ಲ. ಇದು ದಯೆ ದಾಕ್ಷಿಣ್ಯಕ್ಕೆ ಮಾಡಿದ ನಿಯಮ ಅಲ್ಲ. ತಪ್ಪಿತಸ್ಥ ಸಿಕ್ಕಿದ ಅಂದ ತಕ್ಷಣ ಜನ ಹುಡುಕೋದು ನಿಲ್ಲಿಸ್ತಾರೆ, ನಿಜವಾದ ಕಾರಣ ಅಲ್ಲೇ ಉಳಿದುಬಿಡುತ್ತೆ ಅನ್ನೋ ಅನುಭವದಿಂದ ಬಂದದ್ದು. ನಾನು ಮಾಡಿದ್ದೂ ಅದೇ. ಅಮ್ಮ ಸಿಕ್ಕಳು, ಹುಡುಕೋದು ನಿಲ್ಲಿಸಿದೆ.

ಸರಿ, ಮತ್ತೆ ಶುರು ಮಾಡೋಣ ಅಂತ ಕೂತೆ.

ನಮ್ಮದು ಪೂರ್ತಿ ಕರೆಂಟಿನಲ್ಲೇ ಬಿಸಿಯಾಗುವ ಮನೆ. ಗ್ಯಾಸ್ ಲೈನ್ ಇಲ್ಲ. ಪ್ರತಿ ಕೋಣೆಯಲ್ಲೂ ಕಿಟಕಿಯ ಕೆಳಗೆ, ಗೋಡೆಯ ಬುಡದಲ್ಲಿ, ಮಾರುದ್ದದ ತಗಡಿನ ಪೆಟ್ಟಿಗೆ ಕೂರಿಸಿದ್ದಾರೆ. ಬೇಸ್‌ಬೋರ್ಡ್ ಹೀಟರ್ ಅಂತಾರೆ. ಒಳಗಿರೋದು ನಮ್ಮ ಗೀಸರಿನಲ್ಲಿರೋ ಥರದ್ದೇ ಕಾಯಿಲ್ಲು. ಇದರ ಲೆಕ್ಕ ಬಹಳ ಸರಳ. 1500 ವ್ಯಾಟಿನ ಹೀಟರ್ ಒಂದು ಗಂಟೆ ಉರಿದರೆ ಒಂದೂವರೆ ಯೂನಿಟ್. ಹಾಕಿದ ಕರೆಂಟೆಲ್ಲ ಶಾಖವೇ ಆಗುತ್ತೆ, ಆ ದೃಷ್ಟಿಯಲ್ಲಿ ಏನೂ ಪೋಲಾಗಲ್ಲ. ಬ್ರ್ಯಾಂಡ್ ಬದಲಿಸಿದರೂ, ಅಂಗಡಿಯಿಂದ "ಕಡಿಮೆ ಖರ್ಚಿನ" ಪುಟ್ಟ ಹೀಟರ್ ತಂದರೂ ಒಂದು ಯೂನಿಟ್ಟಿಗೆ ಸಿಗೋದು ಅಷ್ಟೇ ಶಾಖ.

ಹಾಗಾದರೆ ಬಿಲ್ ಏರೋದು ಯಾಕೆ? ಹೀಟರ್ ತಿನ್ನೋದರಿಂದ ಅಲ್ಲ, ಮನೆ ಸೋರೋದರಿಂದ. ತೂತು ಬಿದ್ದ ಕೊಡಪಾನಕ್ಕೆ ನೀರು ಹೊಯ್ತಾ ಇರೋ ಹಾಗೆ. ಮಟ್ಟ ಅಷ್ಟೇ ಇರಬೇಕು ಅಂದರೆ ಸೋರಿದಷ್ಟನ್ನು ಮತ್ತೆ ಹೊಯ್ಯಬೇಕು. ಗೋಡೆ, ಗಾಜು, ಬಾಗಿಲ ಸಂದಿಯಿಂದ ಎಷ್ಟು ಶಾಖ ಹೊರಗೆ ಹೋಗುತ್ತೆ ಅನ್ನೋದು ಒಳಗಿನ ಮತ್ತು ಹೊರಗಿನ ಉಷ್ಣಾಂಶದ ವ್ಯತ್ಯಾಸದ ಮೇಲೆ ನಿಂತಿರುತ್ತೆ. ಹೊರಗೆ 5 ಡಿಗ್ರಿ ಇದ್ದು ಒಳಗೆ 20 ಇಟ್ಟರೆ ವ್ಯತ್ಯಾಸ 15. ಹೊರಗೆ ಮೈನಸ್ 5ಕ್ಕೆ ಇಳಿದರೆ ವ್ಯತ್ಯಾಸ 25. ಮನೆಯೊಳಗೆ ನೀವು ಏನೂ ಬದಲಿಸಿಲ್ಲ, ನಾಬ್ ಮುಟ್ಟಿಲ್ಲ, ಆದರೂ ಹೀಟರಿನ ಖರ್ಚು ಒಂದೂವರೆ ಪಟ್ಟು ದಾಟುತ್ತೆ. ಜನವರಿಯಲ್ಲಿ ಅಂಥದ್ದೊಂದು ವಾರ ಬಂದುಹೋಗಿತ್ತು. ಅದರ ತಪ್ಪನ್ನು ಯಾರ ತಲೆಗೆ ಕಟ್ಟೋದು?

ನಮ್ಮ ಮೀಟರ್ ಗಂಟೆಗಂಟೆಯ ಲೆಕ್ಕ ಕಳಿಸುತ್ತೆ. ಅಕೌಂಟಿಗೆ ಲಾಗಿನ್ ಆದರೆ ಎರಡು ತಿಂಗಳ ಅಷ್ಟೂ ಗಂಟೆಗಳ ಬಳಕೆ ನೋಡಬಹುದು. ಮೂರು ವರ್ಷದಿಂದ ಅದೇ ಮನೆಯಲ್ಲಿದ್ದರೂ ಒಂದು ದಿನ ಅದನ್ನು ತೆಗೆದು ನೋಡಿರಲಿಲ್ಲ. ಆ ಭಾನುವಾರ ಎಲ್ಲ ಇಳಿಸಿಕೊಂಡು ಗ್ರಾಫ್ ಹಾಕಿದೆ. ಹಿಂದಿನ ವರ್ಷ ಈ ಎರಡು ತಿಂಗಳಿಗೆ 1,750 ಯೂನಿಟ್. ಈ ವರ್ಷ 2,880. ಹೆಚ್ಚಾದದ್ದು 1,130.

ವಿಚಿತ್ರ ಕಂಡದ್ದು ರಾತ್ರಿಯ ಭಾಗದಲ್ಲಿ. ಎಲ್ಲರೂ ಮಲಗಿರುವ ಎರಡು ಗಂಟೆ, ಮೂರು ಗಂಟೆಯ ಹೊತ್ತಿನಲ್ಲೂ ಬಳಕೆ ಕೆಳಗೆ ಇಳಿದೇ ಇಲ್ಲ. ಹಿಂದಿನ ವರ್ಷ ಅದೇ ಹೊತ್ತಿಗೆ ತಗ್ಗು, ಈ ವರ್ಷ ಅಲ್ಲಿ ಒಂದು ಗೋಡೆ.

ನಮ್ಮ ಕೆಲಸದಲ್ಲಿ ಹೀಗಾದರೆ ಒಂದೊಂದೇ ಭಾಗ ಆಫ್ ಮಾಡಿ ನೋಡ್ತಾ ಹೋಗ್ತೀವಿ. ಇಲ್ಲೂ ದಿನಕ್ಕೊಂದು ಕೋಣೆಯ ಬ್ರೇಕರ್ ಇಳಿಸಿ ಮರುದಿನ ಗ್ರಾಫ್ ನೋಡೋಣ ಅಂದುಕೊಂಡೆ. ಮೊದಲು ಅಮ್ಮನ ಕೋಣೆ ಅಂತ ಪಟ್ಟಿ ಮಾಡುವಾಗ ಹೊಳೆಯಿತು, ಆ ಪ್ರಯೋಗ ಆಗಲೇ ಆಗಿಹೋಗಿದೆ. ನಾನು ಹೇಳಿದ ರಾತ್ರಿಯಿಂದ ಮೂರು ರಾತ್ರಿ ಅಮ್ಮನ ಹೀಟರ್ ಬಂದ್ ಆಗಿತ್ತು. ಆ ಮೂರು ರಾತ್ರಿಗಳ ಗೆರೆ ನೋಡಿದೆ. ಗಂಟೆಗೆ ಮೂರನೇ ಒಂದು ಯೂನಿಟ್ಟಿನಷ್ಟು ಇಳಿದಿತ್ತು, ಅಷ್ಟೇ. ರಾತ್ರಿಗೆಲ್ಲ ಸೇರಿ 2.8 ಯೂನಿಟ್. ಆ ಗೋಡೆ ಇದ್ದ ಹಾಗೇ ಇತ್ತು.

ಅಮ್ಮ ಚಳಿಯಲ್ಲಿ ಮುದುಡಿಕೊಂಡು ಮಲಗಿದ ಮೂರು ರಾತ್ರಿಗಳೇ ಅವಳು ನಿರಪರಾಧಿ ಅನ್ನೋದಕ್ಕೆ ನನಗೆ ಸಿಕ್ಕಿದ ಪುರಾವೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತೆ.

ಆ ರಾತ್ರಿ ನನ್ನ ಕೆಲಸದ ಕೋಣೆಯ ಬ್ರೇಕರ್ ಇಳಿಸಿದೆ. ಬೆಳಿಗ್ಗೆ ನೋಡಿದರೆ ಗೋಡೆ ಬಿದ್ದಿತ್ತು. ಗಂಟೆಗೆ ಸರಿಯಾಗಿ ಒಂದೂವರೆ ಯೂನಿಟ್.

ಕೋಣೆಗೆ ಹೋಗಿ ನೋಡಿದರೆ ಎಲ್ಲ ಎದುರಿಗೇ ಇತ್ತು. ಡಿಸೆಂಬರಿನಲ್ಲಿ ಕಿಟಕಿ ಗಾಜಿನ ಒಳಗೆ ನೀರು ಹನಿಗಟ್ಟುತ್ತೆ ಅಂತ ಒಂದು ಬೆರಳಷ್ಟು ತೆರೆದಿಟ್ಟಿದ್ದೆ. ಅದರಿಂದ ಚಳಿ ಬಂತು. ಹೀಟರಿನ ನಾಬ್ ಪೂರ್ತಿ ತಿರುಗಿಸಿದೆ. ಆ ನಾಬಿನ ಮೇಲೆ ಡಿಗ್ರಿ ಇಲ್ಲ, ಒಂದು ಕಡೆ ಸಣ್ಣ ಗೆರೆ, ಇನ್ನೊಂದು ಕಡೆ ದಪ್ಪ ಗೆರೆ. ಆಮೇಲೆ ಪ್ರಾಜೆಕ್ಟಿನ ಗಡಿಬಿಡಿ. ಪರದೆ ಎಳೆದದ್ದರಿಂದ ಕಿಟಕಿ ಕಾಣುತ್ತಲೂ ಇರಲಿಲ್ಲ. ಕೋಣೆ ಎಂದೂ ಬೇಕಾದಷ್ಟು ಬಿಸಿಯಾಗಲ್ಲ, ಹಾಗಾಗಿ ಥರ್ಮೋಸ್ಟಾಟ್ ಎಂದೂ ಆಫ್ ಆಗಲ್ಲ. ನಾನು ಹನ್ನೊಂದಕ್ಕೆ ಬಾಗಿಲು ಹಾಕಿಕೊಂಡು ಹೋಗಿ ಮಲಗಿದ ಮೇಲೆ ಬೆಳಿಗ್ಗೆ ಏಳರವರೆಗೆ ಒಬ್ಬರೂ ಇಲ್ಲದ ಕೋಣೆಯಲ್ಲಿ ಎಂಟು ಗಂಟೆ ಅದು ಉರೀತಾ ಇತ್ತು. ರಾತ್ರಿಗೆ 12 ಯೂನಿಟ್. ಎರಡು ತಿಂಗಳಿಗೆ 732.

ಒಂದು ಯೂನಿಟ್ಟಿಗೆ ನಾನು ಕೊಡೋದು ಸುಮಾರು 13 ಸೆಂಟ್. ಲೆಕ್ಕ ಹಾಕಿದೆ. ನನ್ನ ಖಾಲಿ ಕೋಣೆಗೆ 95 ಡಾಲರ್. ಅಮ್ಮನ ಕೋಣೆಗೆ 22 ಡಾಲರ್. ಉಳಿದ ಮೂವತ್ತು ಚಿಲ್ಲರೆ ಜನವರಿಯ ಚಳಿ, ಹಗಲೂ ಮನೇಲಿ ಜನ ಇದ್ದದ್ದು, ಹೆಚ್ಚಿನ ಅಡುಗೆ.

ಬಿಸಿನೀರಿನ ಮೇಲೂ ಅನುಮಾನ ಇತ್ತು, ಅದನ್ನೂ ಮುಚ್ಚಿಡಲ್ಲ. ಅಮ್ಮ ದಿನಾ ಸ್ನಾನ ಮಾಡ್ತಾಳೆ, ತಲೆಗೆ ಹೊಯ್ಕೊಂಡ ದಿನ ಇನ್ನೂ ಹೆಚ್ಚು. ಅದರ ಲೆಕ್ಕವೂ ಸುಲಭ. 20 ಲೀಟರ್ ನೀರನ್ನು 30 ಡಿಗ್ರಿ ಮೇಲೇರಿಸೋಕೆ 0.7 ಯೂನಿಟ್ ಬೇಕು. ಅಮ್ಮ ಬಾತ್‌ಟಬ್ಬಿನ ಒಳಗೆ ಬಕೆಟ್ ಇಟ್ಟುಕೊಂಡು ಒಂದು ಬಕೆಟ್‌ನಲ್ಲಿ ಮುಗಿಸ್ತಾಳೆ. ನಾನು ಹತ್ತು ನಿಮಿಷ ಶವರ್ ಕೆಳಗೆ ನಿಂತರೆ 75 ಲೀಟರ್ ಹೋಗುತ್ತೆ, ಅಂದರೆ ಎರಡೂವರೆ ಯೂನಿಟ್. ಬೆಂಗಳೂರಿನಲ್ಲಿ ಗೀಸರ್ ಹಾಕಿ ಮರೆತು ಆಫೀಸಿಗೆ ಹೋಗೋರಿಗೆ, ಮನೆಕೆಲಸದವರು ಬಿಸಿನೀರಲ್ಲಿ ಪಾತ್ರೆ ತೊಳೀತಾರೆ ಅಂತ ಗೊಣಗೋರಿಗೆ ಈ ಲೆಕ್ಕ ಒಮ್ಮೆ ಮಾಡಿ ನೋಡಿ ಅಂತೀನಿ.

ನನ್ನ ಪ್ರಶ್ನೆ ಇದು. ಮನಸ್ಸು ಮೊದಲು ಅಮ್ಮನ ಕಡೆಗೇ ಯಾಕೆ ಹೋಯ್ತು?

ಕಾರಣ ಇತ್ತು ಅನ್ನಬಹುದು. ಹೊಸದಾಗಿ ಬಂದವಳು ಅವಳೊಬ್ಬಳೇ. ಆದರೆ ಪ್ರಾಮಾಣಿಕವಾಗಿ ಹೇಳಬೇಕಂದರೆ ಅದಷ್ಟೇ ಅಲ್ಲ. ನನ್ನ ಬಳಕೆ ನನಗೆ ಬಳಕೆ ಅಂತಲೇ ಕಾಣಲ್ಲ. ನಾನು ಕೆಲಸ ಮಾಡೋ ಕೋಣೆ, ನಾನು ದುಡಿಯೋ ಹೊತ್ತು, ಅದು ಅಗತ್ಯ. ಬೇರೆಯವರದ್ದು ಖರ್ಚು. ಯಾರು ದುಡಿಯಲ್ಲವೋ, ಯಾರು ನನ್ನ ಮೇಲೆ ಅವಲಂಬಿಸಿದ್ದಾರೋ, ಅವರ ಅಗತ್ಯ ಲೆಕ್ಕದಲ್ಲಿ ಮೊದಲು ಎದ್ದು ಕಾಣುತ್ತೆ. ಬಿಲ್ ಕಟ್ಟೋನು ತನ್ನ ಹೆಸರನ್ನು ತಾನೇ ಪಟ್ಟಿಯಿಂದ ಬಿಟ್ಟುಬಿಡ್ತಾನೆ. ಇದು ಕರೆಂಟಿಗೆ ಮಾತ್ರ ಸೀಮಿತ ಅಂತ ನನಗನ್ನಿಸಲ್ಲ.

ಅಮ್ಮನ ಹತ್ತಿರ ಹೋಗಿ ಹೇಳಿದೆ. "ಅಮ್ಮ, ಬಿಲ್ ಜಾಸ್ತಿ ಬಂದಿದ್ದು ನಿನ್ನಿಂದ ಅಲ್ಲ. ನನ್ನ ರೂಮಿನ ಕಿಟಕಿ ತೆಗೆದಿಟ್ಟಿದ್ದೆ, ಹೀಟರೂ ಹಾಕಿಟ್ಟಿದ್ದೆ. ನಿನಗೆ ಸುಮ್ಮನೆ ಹೇಳಿದೆ. ತಪ್ಪಾಯ್ತು."

ಅಮ್ಮ ನಕ್ಕಳು. "ಬಚ್ಚಲ ಹಂಡೆಗೆ ಮುಚ್ಚಳ ಹಾಕದೇ ಬೆಂಕಿ ಹಾಕ್ತಾ ಕೂತ್ರೆ ನಿನ್ನಜ್ಜಿ ಬೈತಿದ್ರು. ಅದೇ ಆತು ಬಿಡು." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಬೆಚ್ಚಗಿರದು ತಪ್ಪಲ್ಲ ಮಗಾ. ಬಾಗಿಲು ತೆಗೆದಿಟ್ಕಂಡು ಬೆಚ್ಚಗಿರದು ತಪ್ಪು."

ಅಮ್ಮ ಕರೆಂಟ್ ಬಿಲ್ಲಿನ ಬಗ್ಗೆ ಹೇಳಿದ್ದು ಅಷ್ಟೇ. ನನಗೆ ಆವತ್ತಿಗೆ ಅಷ್ಟು ಸಾಕಿತ್ತು. ಆದರೆ ಅವಳೇ ಕೇಳಿದ ಇನ್ನೊಂದು ಪ್ರಶ್ನೆಯಿಂದ ವಿಷಯ ಅಲ್ಲಿಗೆ ಮುಗೀಲಿಲ್ಲ.

"ಒಟ್ಟು ಎಷ್ಟು ಯೂನಿಟ್ ಆಗಿತ್ತು?"

"ದಿನಕ್ಕೆ ನಲವತ್ತೇಳು."

ಅಮ್ಮ ನನಗೆ ತಪ್ಪಿ ಬಾಯಿಂದ ಬಂತು ಅಂದುಕೊಂಡಳು. "ತಿಂಗಳಿಗಾ?"

ಊರಲ್ಲಿ ನಮ್ಮ ಮನೆಯ ತಿಂಗಳ ಬಳಕೆ ನಲವತ್ತೈದು ಯೂನಿಟ್ ಆಸುಪಾಸು. ನಾಲ್ಕು ಎಲ್‌ಇಡಿ ಬಲ್ಬು, ಟೀವಿ, ಮಿಕ್ಸಿ, ಒಂದು ಫ್ರಿಜ್ಜು, ಬೇಸಿಗೆಯಲ್ಲಿ ಫ್ಯಾನು. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಆ ಬಿಲ್ಲೂ ಸೊನ್ನೆ. ನನ್ನ ಇಲ್ಲಿನ ಒಂದು ಚಳಿಗಾಲದ ದಿನ ಅಂದರೆ ಅಮ್ಮನ ಒಂದು ತಿಂಗಳು. ಖಾಲಿ ಕೋಣೆಯ ಕಿಟಕಿಯಿಂದ ನಾನು ಹೊರಗೆ ಬಿಟ್ಟ 732 ಯೂನಿಟ್ ಅಂದರೆ ಆ ಮನೆಗೆ ಒಂದು ವರ್ಷ ದಾಟಿ ಮೇಲೆ ನಾಲ್ಕು ತಿಂಗಳು.

ಈ ಹೋಲಿಕೆ ಸರಿಯಲ್ಲ ಅಂತ ನೀವು ಹೇಳಬಹುದು. ನಾನೂ ನನಗೆ ಹಾಗೇ ಹೇಳಿಕೊಂಡೆ. ಅಲ್ಲಿ ಮನೆ ಬಿಸಿ ಮಾಡೋದೇ ಬೇಕಿಲ್ಲ. ಇಲ್ಲಿ ಬಿಸಿ ಮಾಡದಿದ್ದರೆ ಕಾಯಿಲೆ ಬೀಳ್ತಾರೆ. ಜೊತೆಗೆ ಊರಿನ ಆ ನಲವತ್ತೈದು ಯೂನಿಟ್ ಪೂರ್ತಿ ಸತ್ಯವೂ ಅಲ್ಲ. ಅಲ್ಲಿ ಸ್ನಾನದ ನೀರು ಕಾಯೋದು ಬಚ್ಚಲ ಒಲೆಯಲ್ಲಿ. ಒಂದು ಕೆಜಿ ಒಣ ಕಟ್ಟಿಗೆಯಲ್ಲಿ ಸುಮಾರು ನಾಲ್ಕು ಯೂನಿಟ್ಟಿನಷ್ಟು ಶಾಖ ಇರುತ್ತೆ. ಮಳೆಗಾಲ ಶುರುವಾಗೋಕೆ ಮುಂಚೆ ಅಮ್ಮ ಕಾಡಿನಿಂದ ತಲೆಹೊರೆಯಲ್ಲಿ ತಂದು ಕೊಟ್ಟಿಗೆ ಪಕ್ಕ ಒಟ್ಟಿದ ಕಟ್ಟಿಗೆ ಯಾವ ಬಿಲ್ಲಿನಲ್ಲೂ ಬಂದಿಲ್ಲ. ಅವಳ ಕುತ್ತಿಗೆ ನೋವೂ ಬಂದಿಲ್ಲ. ಒಲೆ ಊದುವಾಗ ಕುಡಿದ ಹೊಗೆಯೂ ಬಂದಿಲ್ಲ.

ಬಿಲ್ ಎಣಿಸೋದು ಮೀಟರಿನ ಮೂಲಕ ಹಾದುಹೋದದ್ದನ್ನು ಮಾತ್ರ. ಸೊನ್ನೆ ಬಿಲ್ ಅಂದರೆ ಸೊನ್ನೆ ಖರ್ಚಲ್ಲ, 391 ಡಾಲರ್ ಅಂದರೆ ಪೂರ್ತಿ ಖರ್ಚೂ ಅಲ್ಲ.

ಅದು ನನಗೆ ಇನ್ನೂ ಸ್ಪಷ್ಟವಾಗಿ ಗೊತ್ತಾಗಿದ್ದು ಏಪ್ರಿಲಿನಲ್ಲಿ, ಅಮ್ಮ ವಾಪಸ್ ಹೋಗೋಕೆ ಮುಂಚೆ ಗ್ರ್ಯಾಂಡ್ ಕೂಲಿ ಡ್ಯಾಮ್ ನೋಡೋಕೆ ಹೋದಾಗ. ನಮ್ಮ ಮನೆಯಿಂದ ಪೂರ್ವಕ್ಕೆ ನಾಲ್ಕು ಗಂಟೆಯ ದಾರಿ. ಬೆಟ್ಟ ದಾಟಿದರೆ ಹಸಿರು ಮುಗಿದು ಒಣ ನೆಲ ಶುರುವಾಗುತ್ತೆ. ಆ ಒಣ ನೆಲದ ನಡುವೆ ಕೊಲಂಬಿಯಾ ನದಿಗೆ ಅಡ್ಡಲಾಗಿ ಕಟ್ಟಿದ ಗೋಡೆ. 1933ರಲ್ಲಿ ಕೆಲಸ ಶುರುವಾಗಿ 1941ರಲ್ಲಿ ಕರೆಂಟು ಕೊಡೋಕೆ ಆರಂಭಿಸಿತು. ಈಗ 6,800 ಮೆಗಾವ್ಯಾಟಿನ ಸಾಮರ್ಥ್ಯ. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ವಿದ್ಯುತ್ ಸ್ಥಾವರ ಇಲ್ಲ. ಈ ರಾಜ್ಯದ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿನಿಂದಲೇ ಬರೋದು. ಕರೆಂಟು ಅಗ್ಗ ಇತ್ತು ಅಂತಲೇ ಈ ಕಡೆ ಅಷ್ಟೊಂದು ಮನೆಗಳಿಗೆ ಕಾಯಿಲ್ ಹೀಟರ್ ಕೂರಿಸಿದ್ದು. ನನ್ನ ಕೋಣೆಯಲ್ಲಿ ಉರಿದದ್ದು ಇದೇ ಡ್ಯಾಮಿನ ಕರೆಂಟು ಅಂತ ಬೆರಳಿಟ್ಟು ತೋರಿಸೋಕಾಗಲ್ಲ, ಗ್ರಿಡ್ಡಿನಲ್ಲಿ ಎಲ್ಲ ಸೇರಿಹೋಗಿರುತ್ತೆ. ಆದರೆ ಇದಕ್ಕೂ ನನಗೂ ಸಂಬಂಧ ಇಲ್ಲ ಅಂತಲೂ ಹೇಳೋಕಾಗಲ್ಲ.

ಎಲ್ಲರೂ ಗೋಡೆ ನೋಡ್ತಾ ಇದ್ದರೆ ಅಮ್ಮ ಗೋಡೆಯ ಹಿಂದಿನ ನೀರು ನೋಡ್ತಾ ಇದ್ದಳು. "ಇಲ್ಲಿ ಇದ್ದೋರು ಎಲ್ಲಿಗೆ ಹೋದ್ರು?" ಅಂತ ಕೇಳಿದಳು.

ಅಮ್ಮನಿಗೆ ಆ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ಅವಳ ತವರಿನ ಊರು ಶರಾವತಿ ಹಿನ್ನೀರಿನ ಕೆಳಗಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅಮ್ಮನಿಗೆ ಮೂರು ವರ್ಷ. ಗದ್ದೆ, ಮನೆ, ದೇವರ ಬನ ಎಲ್ಲ ಬಿಟ್ಟು ಅಜ್ಜ ಮಕ್ಕಳನ್ನು ಕರಕೊಂಡು ಹೊರಟದ್ದನ್ನು ಅವಳು ಕಂಡ ನೆನಪಿಲ್ಲ, ಕೇಳಿದ ನೆನಪು. ಆ ನೀರಿನಿಂದ ಹುಟ್ಟಿದ ಕರೆಂಟು ಬೆಂಗಳೂರಿಗೆ ಹೋಯ್ತು, ಕಾರ್ಖಾನೆಗಳಿಗೆ ಹೋಯ್ತು. ಶರಾವತಿಯ ವಿದ್ಯುದಾಗಾರದ ಹತ್ತು ಯಂತ್ರಗಳು ಸೇರಿ 1,035 ಮೆಗಾವ್ಯಾಟ್ ಅಂತ ನಾವು ಶಾಲೆಯಲ್ಲಿ ಹೆಮ್ಮೆಯಿಂದ ಬಾಯಿಪಾಠ ಮಾಡ್ತಿದ್ವಿ. ಬಾಯಿಪಾಠ ಮಾಡಿದ್ದು ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ. ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಮೂರನೇ ಕ್ಲಾಸಿನಲ್ಲಿದ್ದಾಗ. ಮುಳುಗಡೆಯಾದವರ ಜಮೀನಿನ ಹಕ್ಕುಪತ್ರದ ಜಗಳ ಆರು ದಶಕದ ಮೇಲೂ ಮುಗಿದಿಲ್ಲ.

ಕೊಲಂಬಿಯಾದ ಕಥೆ ನಾನು ಓದಿ ತಿಳಿದಷ್ಟನ್ನು ಅಮ್ಮನಿಗೆ ಹೇಳಿದೆ. ಈ ನೀರಿನ ಕೆಳಗೆ ಕೆಟಲ್ ಫಾಲ್ಸ್ ಅನ್ನೋ ಜಲಪಾತ ಇತ್ತು. ಸಾವಿರಾರು ವರ್ಷಗಳಿಂದ ಇಲ್ಲಿನ ಮೂಲನಿವಾಸಿಗಳು ಅಲ್ಲಿ ಸಾಲ್ಮನ್ ಮೀನು ಹಿಡೀತಿದ್ದರು. ಅಣೆಕಟ್ಟಿನಲ್ಲಿ ಮೀನು ಮೇಲೆ ಹತ್ತೋಕೆ ದಾರಿ ಬಿಡಲಿಲ್ಲ. 1940ರ ಜೂನಿನಲ್ಲಿ, ಜಲಪಾತ ಮುಳುಗೋಕೆ ಮುಂಚೆ, ಸುತ್ತಲಿನ ಬುಡಕಟ್ಟುಗಳ ಜನ ಅಲ್ಲಿ ಸೇರಿ ಅದಕ್ಕೆ ಕಣ್ಣೀರಿನ ವಿದಾಯ ಹೇಳಿದರು. ಕಾಲ್ವಿಲ್ ಬುಡಕಟ್ಟುಗಳ ಒಕ್ಕೂಟ ಅಲ್ಲಿಂದ ಕೇಸು ನಡೆಸ್ತಾ ಬಂತು. 1994ರಲ್ಲಿ ಅಮೆರಿಕದ ಸಂಸತ್ತು ಒಪ್ಪಂದಕ್ಕೆ ಕಾನೂನಿನ ರೂಪ ಕೊಟ್ಟಿತು. ಒಂದೇ ಗಂಟಿನಲ್ಲಿ 53 ಮಿಲಿಯನ್ ಡಾಲರ್, ಮುಂದೆ ಪ್ರತಿ ವರ್ಷವೂ ಒಂದು ಮೊತ್ತ. ಕರೆಂಟು ಶುರುವಾಗಿ 53 ವರ್ಷ ಆದಮೇಲೆ.

ಆ ವಾರ್ಷಿಕ ಮೊತ್ತ ಬರೋದು ಇಲ್ಲಿನ ಜಲವಿದ್ಯುತ್ತನ್ನು ಮಾರುವ ಸರ್ಕಾರಿ ಸಂಸ್ಥೆಯ ಆದಾಯದಿಂದ. ಅಂದರೆ ಕಡೆಗೆ ಕರೆಂಟು ಕೊಳ್ಳುವವರಿಂದ. ಇಲ್ಲಿ ಹಳೇ ಸಾಲದ ಒಂದು ಭಾಗವನ್ನು, ಬಹಳ ತಡವಾಗಿ, ಬಹಳ ಕಡಿಮೆಯಾಗಿ, ಆದರೂ ಲೆಕ್ಕದ ಒಳಗೆ ತಂದರು. ಮೀನು ವಾಪಸ್ ಬರಲಿಲ್ಲ, ಜಲಪಾತವೂ ಬರಲಿಲ್ಲ. ಆದರೆ "ಇದು ನಮ್ಮ ಲೆಕ್ಕಕ್ಕೆ ಸೇರಿದ್ದು" ಅಂತ ಒಪ್ಪಿಕೊಂಡರು.

ಅಮ್ಮ ಕೇಳಿಸಿಕೊಂಡು "ಇಷ್ಟಾದ್ರೂ ಕೊಟ್ರಲ" ಅಂದಳು. ಸಿಟ್ಟಿಲ್ಲ, ವ್ಯಂಗ್ಯವೂ ಇಲ್ಲ. ಕಾರಿನಲ್ಲಿ ವಾಪಸ್ ಬರುವಾಗ ಬಹಳ ಹೊತ್ತು ಮಾತಾಡಲಿಲ್ಲ.

ಹಾಗಂತ ಹೀಟರ್ ಬಂದ್ ಮಾಡಿ ಕಂಬಳಿ ಹೊದ್ದು ಕೂರಬೇಕು ಅಂತ ನಾನು ಹೇಳ್ತಿಲ್ಲ. ಅಂಥ ತ್ಯಾಗದಿಂದ ಏನಾಗುತ್ತೆ ಅಂತ ಅಮ್ಮನ ತಣ್ಣನೆಯ ಬೆರಳಲ್ಲಿ ನೋಡಿಯಾಯ್ತು. ಪಾಪಪ್ರಜ್ಞೆಯಿಂದ ಮಾಡೋ ಉಳಿತಾಯದಲ್ಲಿ ಮೊದಲು ಚಳಿಗೆ ಬೀಳೋರು ಮನೆಯ ದುರ್ಬಲರೇ. ನನ್ನಜ್ಜ ಮುಳುಗಿದ್ದಕ್ಕೆ ಪ್ರಾಯಶ್ಚಿತ್ತವಾಗಿ ನಾನು ನಡುಗಿದರೆ ಯಾರಿಗೂ ಗದ್ದೆ ವಾಪಸ್ ಬರಲ್ಲ.

ಆದರೆ ಎಲ್ಲ ಬಳಕೆಯೂ ಒಂದೇ ಅಲ್ಲ. ಅಮ್ಮನ ಕೋಣೆಯ 2.8 ಯೂನಿಟ್ ಒಬ್ಬ ಮನುಷ್ಯಳನ್ನು ಬೆಚ್ಚಗಿಟ್ಟಿತು. ನನ್ನ ಕೋಣೆಯ 12 ಯೂನಿಟ್ ಯಾರನ್ನೂ ಬೆಚ್ಚಗಿಡಲಿಲ್ಲ. ಬಿಲ್ಲಿನಲ್ಲಿ ಎರಡಕ್ಕೂ ಒಂದೇ ದರ, ಒಂದೇ ಸಾಲು. ಎರಡನ್ನೂ ಬೇರೆ ಮಾಡಿ ನೋಡಬೇಕಾದದ್ದು ನನ್ನ ಕೆಲಸ, ಮೀಟರಿನದ್ದಲ್ಲ. ಒಂದು ಯೂನಿಟ್ಟಿನ ಹಿಂದೆ ಯಾರದೋ ಊರು, ಯಾರದೋ ಜಲಪಾತ ಇದೆ ಅಂದಮೇಲೆ ಅದನ್ನು ಬಳಸೋದಕ್ಕಿಂತ ಯಾರಿಗೂ ಉಪಯೋಗವಿಲ್ಲದೆ ಕಿಟಕಿಯಿಂದ ಹೊರಗೆ ಬಿಡೋದೇ ನನಗೆ ದೊಡ್ಡ ತಪ್ಪಾಗಿ ಕಾಣುತ್ತೆ. ತಪ್ಪು ಅಂದಾಗ ಹೊಣೆ ಯಾರದ್ದು ಅಂತಲೂ ಹೇಳಬೇಕು. ಹೆಸರು ಹಾಕದ ಪೋಸ್ಟ್‌ಮಾರ್ಟಮ್ ಬೇರೆಯವರಿಗೆ ಸರಿ. ನನ್ನದೇ ತಪ್ಪಿದ್ದಾಗ ನನ್ನ ಹೆಸರು ಹಾಕೋದೇ ಸರಿ.

ನಾನು ಮಾಡಿದ್ದು ಸಣ್ಣಪುಟ್ಟದ್ದು. ಕೆಲಸದ ಕೋಣೆಯ ಕಿಟಕಿ ದಿನಕ್ಕೆ ಹತ್ತು ನಿಮಿಷ ಪೂರ್ತಿ ತೆರೆದು ಆಮೇಲೆ ಮುಚ್ಚುತ್ತೇನೆ, ತೆರೆದಾಗ ಹೀಟರ್ ಆಫ್. ಕಿಟಕಿ ಬಾಗಿಲುಗಳ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಖಾಲಿ ಕೋಣೆಯ ಹೀಟರ್ ಆರಿಸಿ ಮಲಗೋದನ್ನು ಬಾಗಿಲಿಗೆ ಚಿಲಕ ಹಾಕೋಷ್ಟೇ ಅಭ್ಯಾಸ ಮಾಡಿಕೊಂಡೆ. ಮನೆ ಓನರ್‌ಗೆ ಹೀಟ್ ಪಂಪ್ ಹಾಕಿಸಿ ಅಂತ ಬರೆದೆ. ಅದು ಹೊರಗಿನ ಗಾಳಿಯಲ್ಲಿರೋ ಶಾಖವನ್ನೇ ಒಳಗೆ ತರೋ ಯಂತ್ರ. ಇಲ್ಲಿನ ಚಳಿಗೆ ಒಂದು ಯೂನಿಟ್ ಕರೆಂಟಿಗೆ ಎರಡು–ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತೆ. "ನೋಡೋಣ" ಅಂತ ಉತ್ತರ ಬಂತು. ಹೀಟರ್ ಕೊಳ್ಳೋದು ಅವರು, ಬಿಲ್ ಕಟ್ಟೋದು ನಾನು. ಅಗ್ಗದ ಹೀಟರ್ ಕೂರಿಸಿದರೆ ಅವರಿಗೆ ಒಂದು ಸಲದ ಉಳಿತಾಯ, ಬಾಡಿಗೆಯವನಿಗೆ ಪ್ರತಿ ಚಳಿಗಾಲದ ಖರ್ಚು. ಇಲ್ಲೂ ಅದೇ ಕಥೆ, ತೀರ್ಮಾನ ತಗೊಳ್ಳೋರು ಒಬ್ಬರು, ಬೆಲೆ ತೆರೋರು ಇನ್ನೊಬ್ಬರು.

ಈಗ ಅಮ್ಮ ಊರಲ್ಲಿದ್ದಾಳೆ. ಹೋದ ತಿಂಗಳು ಬಚ್ಚಲಿಗೆ ಸೋಲಾರ್ ಹಾಕಿಸ್ತೀನಿ ಅಂದೆ. ಮಳೆಗಾಲದಲ್ಲಿ ನಿನ್ನ ಸೋಲಾರ್ ಎಂಥಕ್ಕೆ ಬರುತ್ತೆ ಅಂತ ಕೇಳಿದಳು. ಅದೂ ಸರಿಯೇ. ಉಳಿದ ತಿಂಗಳಾದರೂ ತಲೆಹೊರೆ ತಪ್ಪುತ್ತಲ್ಲ ಅಂದಮೇಲೆ ಒಪ್ಪಿದ್ದಾಳೆ.

ಈ ಚಳಿಗಾಲಕ್ಕೂ ಬಾ ಅಂತ ಕರೆದೆ.

"ಬರಬಹುದು. ಬಿಲ್ಲು?"

"ನಿನ್ನ ರೂಮ್ ಬೆಚ್ಚಗಿರುತ್ತೆ. ನನ್ನ ಕಿಟಕಿ ಮುಚ್ಚಿರುತ್ತೆ" ಅಂದೆ.